ಒಗೆತದ ಲೆಕ್ಕ ಇನ್ನೂ ಬಂದಿಲ್ಲ

ಪ್ರಕೃತಿಗೆ ಹೊರೆಯಾಗದಂತೆ ಬಾಳುವುದು ಹೇಗೆಂಬುದನ್ನು ಕುರಿತು ಈಚೆಗೆ ಬಗೆಬಗೆಯ ಸಲಹೆಗಳು ನಮ್ಮ ಕಿವಿಗೆ ಬೀಳುತ್ತಿವೆ. ಒಬ್ಬರು ವರ್ಷವಿಡೀ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ವ್ರತ ತೊಡುತ್ತಾರೆ. ಇನ್ನೊಬ್ಬರು ಮನೆಯ ಸಾಮಾನುಗಳನ್ನೆಲ್ಲ ಎಣಿಸಿ, ನೂರಕ್ಕೆ ಮೇಲ್ಪಟ್ಟದ್ದನ್ನು ಹಂಚಿಬಿಡುತ್ತಾರೆ. ಮತ್ತೊಬ್ಬರು ಮಹಡಿಯ ಮೇಲೆ ಎರೆಹುಳುಗಳನ್ನು ಸಾಕಿ, ಬಂದ ನೆಂಟರಿಗೆ ಕಾಫಿ ಕೊಡುವುದಕ್ಕೆ ಮೊದಲು ಅವುಗಳ ದರ್ಶನ ಮಾಡಿಸುತ್ತಾರೆ. ಇಂಥವರನ್ನು ಕಂಡು ನಗುವವರುಂಟು, ನಾನೂ ನಕ್ಕವನೇ. ಆದರೆ ಕೆಲವು ತಿಂಗಳುಗಳಿಂದ ಆ ನಗು ನನಗೆ ಅಷ್ಟು ಸಲೀಸಾಗಿ ಬರುತ್ತಿಲ್ಲ. ಈ ಬಗೆಯ ವಿಚಿತ್ರರಿಗೆಲ್ಲ ಮೂಲಪುರುಷನೆನ್ನಬಹುದಾದ ಒಬ್ಬನ ಗ್ರಂಥವನ್ನು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಓದಿದೆ. ಓದಿದ್ದು ಸಾಲದೆಂದು ಅದರಂತೆ ಒಂದಿಷ್ಟು ನಡೆಯಲೂ ಹೋದೆ. ನಡೆದ ಕಥೆ ಆಮೇಲೆ, ಮೊದಲು ಗ್ರಂಥ.

ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕಾಂಕರ್ಡ್ ಊರಿನ ಬಳಿ ವಾಲ್ಡನ್ ಎಂಬ ಕೊಳವಿದೆ. ಹೆನ್ರಿ ಡೇವಿಡ್ ಥೋರೋ ತನ್ನ ಗುರುವೂ ಮಿತ್ರನೂ ಆಗಿದ್ದ ಎಮರ್ಸನ್ನನ ಜಮೀನಿನಲ್ಲಿ, ಆ ಕೊಳದ ದಡದ ಮೇಲೆ, ಗುಡಿಸಲೊಂದನ್ನು ಕಟ್ಟಿಕೊಂಡು 1845ರ ಜುಲೈ 4ರಂದು ಅಲ್ಲಿ ವಾಸಕ್ಕೆ ಹೋದನು. ಅಲ್ಲಿಂದ ಹೊರಟದ್ದು 1847ರ ಸೆಪ್ಟೆಂಬರ್ 6ರಂದು. ಆ ವಾಸದ ಫಲವೇ 1854ರಲ್ಲಿ ಪ್ರಕಟವಾದ ‘ವಾಲ್ಡನ್’. ನಮ್ಮಲ್ಲಿ ಥೋರೋವಿನ ಹೆಸರು ಕೇಳಿಬರುವುದು ಹೆಚ್ಚಾಗಿ ಗಾಂಧೀಜಿಯವರ ಸಂದರ್ಭದಲ್ಲಿ. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ಓದಿ ಮೆಚ್ಚಿದ ಕಾನೂನುಭಂಗದ ಪ್ರಬಂಧ ಇವನದೇ. ಆ ಪ್ರಬಂಧಕ್ಕೆ ಕಾರಣವಾದ ಒಂದು ರಾತ್ರಿಯ ಸೆರೆವಾಸವೂ ಕೊಳದ ವಾಸದ ನಡುವೆಯೇ, 1846ರ ಜುಲೈನಲ್ಲಿ, ಆದದ್ದು. ರಿಪೇರಿಗೆ ಕೊಟ್ಟಿದ್ದ ಜೋಡನ್ನು ತರಲು ಊರೊಳಕ್ಕೆ ಹೋದಾಗ ತಲೆಗಂದಾಯದ ಬಾಕಿಗಾಗಿ ಅವನನ್ನು ಹಿಡಿದರು. ಕಾಡಿನ ತಪಸ್ವಿಗೂ ಜೋಡು ಹೊಲಿಯುವವನು ಊರಿನಲ್ಲೇ ಇದ್ದನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಥೋರೋವಿನ ವಿಚಿತ್ರಗಳು ಇಂದಿನವರ ವಿಚಿತ್ರಗಳಿಗಿಂತ ಒಂದು ತೂಕ ಹೆಚ್ಚೇ. ಅವನ ಮೇಜಿನ ಮೇಲೆ ಮೂರು ಸುಣ್ಣಕಲ್ಲುಗಳಿದ್ದವಂತೆ. ದಿನವೂ ಅವುಗಳ ಧೂಳೊರಸಬೇಕಾಗುತ್ತದೆ, ಮನಸ್ಸಿನ ಧೂಳೇ ಇನ್ನೂ ಒರಸದೆ ಬಿದ್ದಿರುವಾಗ ಇದೇನು ಊಳಿಗವೆಂದು ಬೇಸತ್ತು ಅವನ್ನು ಕಿಟಕಿಯಿಂದಾಚೆ ಎಸೆದನು. ಮಹಿಳೆಯೊಬ್ಬಳು ಬಾಗಿಲಿಗೆಂದು ಕಾಲೊರಸು ಕೊಡಬಂದಾಗ, ಅದನ್ನು ಕೊಡವಲು ತನಗೆ ಪುರಸತ್ತಿಲ್ಲ, ಹೊರಗಿನ ಹುಲ್ಲಿನ ಮೇಲೆ ಕಾಲೊರಸಿಕೊಳ್ಳುವೆನೆಂದು ಹಿಂದಿರುಗಿಸಿದನು. ನೆಲ ತೊಳೆಯುವ ದಿನ ಮನೆಯ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ತಂದಿಟ್ಟು, ಕೊಳದ ನೀರು ಎರಚಿ, ಬಿಳಿಯ ಮರಳು ಹಾಕಿ ಪೊರಕೆಯಿಂದ ತಿಕ್ಕಿ, ಆಮೇಲೆ ಬಿಸಿಲಿನಲ್ಲಿ ನಿಂತ ಮೇಜುಕುರ್ಚಿಗಳ ಚೆಲುವನ್ನು ನೋಡುತ್ತ ಕೂರುತ್ತಿದ್ದನು. ಅವನ ಕನ್ನಡಿಯ ಅಗಲ ಮೂರು ಅಂಗುಲ. ಅವನ ರೊಟ್ಟಿಗೆ ಹುದುಗಿಲ್ಲ. ಭಾರತದ ತತ್ವಶಾಸ್ತ್ರವನ್ನು ಇಷ್ಟೊಂದು ಪ್ರೀತಿಸುವ ತಾನು ಅಕ್ಕಿಯನ್ನುಣ್ಣುವುದೇ ಸರಿಯೆಂದು ಅವನು ಹೇಳುವಾಗ ತಮಾಷೆಯೋ ನಿಜವೋ ತಿಳಿಯುವುದಿಲ್ಲ. ಇವೆಲ್ಲವನ್ನೂ ಓದಿ ಇವನೊಬ್ಬ ಋಷಿಯೆಂದು ಕೈಮುಗಿದವರುಂಟು, ಬೂಟಾಟಿಕೆಯವನೆಂದು ಮೂಗು ಮುರಿದವರುಂಟು. ಇಬ್ಬರೂ ಅವನ ಹಾಸ್ಯವನ್ನು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಆದರೆ ‘ವಾಲ್ಡನ್’ ಗ್ರಂಥದ ಜೀವಾಳ ಈ ವಿಚಿತ್ರಗಳಲ್ಲಿಲ್ಲ, ಲೆಕ್ಕದಲ್ಲಿದೆ. ಹದಿನೆಂಟು ಅಧ್ಯಾಯಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೀರ್ಘ. ಅದಕ್ಕೆ ಅವನಿಟ್ಟ ಹೆಸರು ‘ಇಕಾನಮಿ’. ಈ ಪದದ ಗ್ರೀಕ್ ಮೂಲದಲ್ಲಿ ‘ಮನೆ’ ಎಂಬುದೇ ಅಡಗಿದೆಯಾದುದರಿಂದ ನಾವು ‘ಮನೆವಾರ್ತೆ’ ಎನ್ನಬಹುದು. ಗುಡಿಸಲು ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಅದಕ್ಕೆ ತಗುಲಿದ ವೆಚ್ಚ 28 ಡಾಲರು 12½ ಸೆಂಟು. ಅರ್ಧ ಸೆಂಟನ್ನೂ ಬಿಟ್ಟಿಲ್ಲ. ಹಲಗೆಗೆ 8 ಡಾಲರು 3½ ಸೆಂಟು. ಎರಡು ಹಳೆಯ ಕಿಟಕಿಗಳಿಗೆ 2 ಡಾಲರು 43 ಸೆಂಟು. ಒಂದು ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರು. ಸೀಮೆಸುಣ್ಣಕ್ಕೆ 1 ಸೆಂಟು. ಪಕ್ಕದಲ್ಲಿ ಷರಾ ಬೇರೆ: ಸುಣ್ಣದ ಬೆಲೆ ಹೆಚ್ಚಾಯಿತು, ಗಾರೆಗೆ ಬೆರೆಸುವ ಕೂದಲನ್ನು ಬೇಕಾದುದಕ್ಕಿಂತ ಹೆಚ್ಚು ತಂದೆ, ಸಾಗಾಣಿಕೆಯ ಬಹುಪಾಲು ನನ್ನ ಬೆನ್ನ ಮೇಲೆಯೇ ನಡೆಯಿತು. ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ ನಮ್ಮ ತಾಯಂದಿರಿಗೆ ಈ ಪುಟ ಸುಲಭವಾಗಿ ಅರ್ಥವಾಗುತ್ತಿತ್ತು.

ಈ ಲೆಕ್ಕ ಕೇವಲ ಜಿಪುಣತನದ ಪ್ರದರ್ಶನವಲ್ಲ. ಸರಳಜೀವನವನ್ನು ಹೊಗಳುವ ಬರಹಗಳಿಗೆ ಯಾವ ಭಾಷೆಯಲ್ಲೂ ಬರವಿಲ್ಲ. ಅವುಗಳಲ್ಲಿ ಬಹುಪಾಲು ನಾಲ್ಕು ಪುಟಗಳಾದ ಮೇಲೆ ಬೋಳಾಗಿ ಕಾಣುತ್ತವೆ, ಏಕೆಂದರೆ ‘ಕಡಿಮೆ’ ಎಂಬ ಮಾತಿಗೆ ಅಳತೆಯೇ ಅಲ್ಲಿರುವುದಿಲ್ಲ. ಥೋರೋ ಅಳತೆ ಕೊಡುತ್ತಾನೆ. ಎಂಟು ತಿಂಗಳ ಆಹಾರಕ್ಕೆ 8 ಡಾಲರು 74 ಸೆಂಟು ಎಂದು ಅವನು ಬರೆದೊಡನೆ ನಾವು ಬೇಕೋ ಬೇಡವೋ ನಮ್ಮ ತಿಂಗಳ ದಿನಸಿಯ ಚೀಟಿಯನ್ನು ನೆನೆಯುತ್ತೇವೆ. ಹಾರ್ವರ್ಡಿನಲ್ಲಿ ವಿದ್ಯಾರ್ಥಿ ಒಂದು ಕೋಣೆಗೆ ವರ್ಷಕ್ಕೆ 30 ಡಾಲರು ಬಾಡಿಗೆ ತೆರುತ್ತಾನೆ, ತನಗೆ ಮನೆಯೇ ಅದಕ್ಕಿಂತ ಕಡಿಮೆಗೆ ಆಯಿತೆಂದು ಅವನು ಹೇಳಿದಾಗ ಅದು ಉಪದೇಶವಾಗಿ ಉಳಿಯದೆ ಚುಚ್ಚುತ್ತದೆ. ವಸ್ತುವೊಂದರ ನಿಜವಾದ ಬೆಲೆಯೆಂದರೆ ಅದಕ್ಕಾಗಿ ನಾವು ತೆತ್ತ ಆಯುಷ್ಯದ ಭಾಗವೇ ಎಂಬುದು ಅವನ ಸಿದ್ಧಾಂತ. ವರ್ಷಕ್ಕೆ ಆರು ವಾರ ದುಡಿದರೆ ತನ್ನ ಖರ್ಚೆಲ್ಲ ಸಾಗುವುದೆಂದು ಅವನು ಕಂಡುಕೊಂಡನು. ಉಳಿದ ನಲವತ್ತಾರು ವಾರ ಅವನವು. ಕಾಡನ್ನು ಉಳಿಸಬೇಕೆಂಬುದಕ್ಕಿಂತ ಮೊದಲು ಅವನಿಗೆ ತನ್ನ ಹೊತ್ತನ್ನು ಉಳಿಸಿಕೊಳ್ಳುವುದು ಬೇಕಾಗಿತ್ತು. ಇಂದು ಅವನನ್ನು ಪರಿಸರದ ಪ್ರವಾದಿಯೆಂದು ಮೆರೆಸುವವರು ಇದನ್ನು ಮರೆಯುತ್ತಾರೆ. ಅಲ್ಲದೆ 1844ರಲ್ಲಿ, ಕೊಳಕ್ಕೆ ಹೋಗುವ ಹಿಂದಿನ ವರ್ಷ, ಮೀನು ಬೇಯಿಸಲು ಹೊತ್ತಿಸಿದ ಬೆಂಕಿಯಿಂದ ಕಾಂಕರ್ಡಿನ ಸುಮಾರು 300 ಎಕರೆ ಕಾಡನ್ನು ಸುಟ್ಟವನೂ ಇವನೇ. ‘ವಾಲ್ಡನ್’ ಲೆಕ್ಕದಲ್ಲಿ ಅದು ಬರುವುದಿಲ್ಲ.

ಈಗ ನನ್ನ ಕಥೆ. ಪುಸ್ತಕದ ಮತ್ತಿನಲ್ಲಿ ನಾನೊಂದು ಭಾನುವಾರ ಮನೆಯಲ್ಲಿ ಘೋಷಣೆ ಹೊರಡಿಸಿದೆ: ಇನ್ನು ಬಟ್ಟೆಗೆ ಅಂಗಡಿಯ ಪುಡಿ ಬೇಡ, ನಮ್ಮ ಅಜ್ಜಿಯ ಕಾಲದ ಅಂಟುವಾಳವೇ ಸಾಕು. ಮಾರುಕಟ್ಟೆಯಿಂದ ಎರಡು ಕಿಲೋ ಕಾಯಿಯನ್ನೂ ತಂದೆ. ಮೂರು ವಾರ ನನ್ನ ಪಂಚೆ ಹಿತವಾಗಿ ಒಗೆತವಾಗಿ ಬಂದಿತು. ಮಿತ್ರರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದೆ. ತರಗತಿಯಲ್ಲೂ ಹೇಳಿದೆನೆಂದು ಕಾಣುತ್ತದೆ. ನಾಲ್ಕನೆಯ ವಾರ ಮನೆಯಾಕೆ ಬಂದು ನಿಂತು ಕೇಳಿದಳು:

“ಏನೂಂದ್ರೆ, ಕಾಯಿ ತಂದಿರಿ, ಸರಿ. ಹಿಂದಿನ ರಾತ್ರಿ ನೆನೆಹಾಕುವವರು ಯಾರು? ಬೀಜ ತೆಗೆದು ಕಿವುಚುವವರು ಯಾರು? ಅದನ್ನು ಸೋಸುವವರು ಯಾರು? ಪುಡಿಯಾದರೆ ಮೆಷಿನ್ನಿಗೆ ಒಂದು ಚಮಚ ಹಾಕಿ ನಾನೂ ಕೆಲಸಕ್ಕೆ ಹೊರಡುತ್ತಿದ್ದೆ. ನಿಮ್ಮ ಆ ಕಾಡಿನ ಸಾಹೇಬರು ಬಟ್ಟೆ ಯಾರ ಕೈಲಿ ಒಗೆಸುತ್ತಿದ್ದರು? ಅದನ್ನೂ ಬರೆದಿದ್ದಾರೋ?”

ನನಗೆ ಉತ್ತರ ತೋಚಲಿಲ್ಲ. ಆ ರಾತ್ರಿ ಲೆಕ್ಕದ ಪುಟಗಳನ್ನು ಮತ್ತೆ ತಿರುವಿಹಾಕಿದೆ. ಬರೆದಿದ್ದಾನೆ! ಎಂಟು ತಿಂಗಳ ಬಟ್ಟೆಬರೆಗೆ 8 ಡಾಲರು 40¾ ಸೆಂಟು, ದೀಪದ ಎಣ್ಣೆ ಮೊದಲಾದುವಕ್ಕೆ 2 ಡಾಲರು ಎಂದು ಪಟ್ಟಿ ಮಾಡಿದ ಮೇಲೆ, ಒಗೆಯುವ ಮತ್ತು ತೇಪೆ ಹಾಕುವ ಕೆಲಸ ಬಹುಮಟ್ಟಿಗೆ ಮನೆಯಿಂದಾಚೆ ನಡೆಯಿತೆಂದೂ, ಅದರ ಬಿಲ್ಲು ಇನ್ನೂ ತನ್ನ ಕೈಸೇರಿಲ್ಲವೆಂದೂ ಒಂದು ಮಾತು ಸೇರಿಸಿದ್ದಾನೆ. ಮುಕ್ಕಾಲು ಸೆಂಟನ್ನು ಬಿಡದ ಮನುಷ್ಯ ಇಲ್ಲಿ ಮಾತ್ರ ಅಂಕಿ ಬರೆಯುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮೊದಲು ಓದಿದಾಗ ಈ ಮಾತು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಈ ಬಟ್ಟೆಯ ಪ್ರಶ್ನೆ ಥೋರೋವಿಗೆ ಹೊಸದಲ್ಲ. ಅವನ ತಾಯಿಯ ಮನೆ ಕೊಳದಿಂದ ನಡೆದು ಹೋಗುವ ದೂರದಲ್ಲಿತ್ತು. ಅವನನ್ನು ಹೀಯಾಳಿಸಬೇಕೆಂದವರೆಲ್ಲ ತಾಯಿಯ ಅಡುಗೆಮನೆಯನ್ನೂ ಒಗೆದ ಬಟ್ಟೆಯನ್ನೂ ಎತ್ತಿ ತೋರಿಸುತ್ತಾರೆ. ಅಮೆರಿಕದ ಲೇಖಕಿ ರೆಬೆಕಾ ಸಾಲ್ನಿಟ್ 2013ರಲ್ಲಿ ಇದನ್ನೇ ಹಿಡಿದು ಪ್ರಬಂಧವೊಂದನ್ನು ಬರೆದು, ಆ ಮನೆಯ ಹೆಂಗಸರನ್ನು ಬರಿಯ ಒಗೆಯುವವರನ್ನಾಗಿ ಕಾಣುವುದೂ ಅನ್ಯಾಯವೆಂದು ವಾದಿಸಿದರು. ಅದು ನಿಜ. ತಾಯಿಯೂ ಅಕ್ಕತಂಗಿಯರೂ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಾಂಕರ್ಡಿನ ಮಹಿಳಾ ಸಂಘದಲ್ಲಿದ್ದವರು. 1846ರ ಆಗಸ್ಟ್ 1ರಂದು ಆ ಸಂಘದ ಸಭೆ ಇದೇ ಗುಡಿಸಲ ಅಂಗಳದಲ್ಲಿ ನಡೆಯಿತು. ಒಪ್ಪಿದೆ. ಆದರೂ ವಿಮರ್ಶಕನ ಪ್ರಶ್ನೆ ಬೇರೆ. ಅವನು ತಾಯಿಯಿಂದ ಬಟ್ಟೆ ಒಗೆಸಿಕೊಂಡನೆ ಎಂಬುದು ಊರಿನವರ ಹರಟೆ. ಲೆಕ್ಕವನ್ನೇ ಕಾವ್ಯ ಮಾಡಿದ ಒಂದು ಗ್ರಂಥದಲ್ಲಿ ಈ ಒಂದು ಬಾಬತ್ತು ಮಾತ್ರ ಖಾಲಿ ಏಕೆ, ಅದರಿಂದ ಗ್ರಂಥಕ್ಕೆ ಏನಾಗುತ್ತದೆ, ಇದನ್ನು ಕೇಳುವುದು ನಮ್ಮ ಕೆಲಸ.

ಏನಾಗುತ್ತದೆಂಬುದು ‘ಬೇಕರ್ ಫಾರ್ಮ್’ ಅಧ್ಯಾಯದಲ್ಲಿ ಕಾಣುತ್ತದೆ. ಮಳೆಗೆ ಸಿಕ್ಕ ಥೋರೋ ಜಾನ್ ಫೀಲ್ಡ್ ಎಂಬ ಐರಿಷ್ ಕೂಲಿಕಾರನ ಸೋರುವ ಗುಡಿಸಲನ್ನು ಹೊಗುತ್ತಾನೆ. ಆತ ಬೇರೆಯವರ ಜವುಗುನೆಲವನ್ನು ಎಕರೆಗೆ ಹತ್ತು ಡಾಲರಿನಂತೆ ಅಗೆದುಕೊಡುವವನು. ಹೆಂಡತಿ, ಮಕ್ಕಳು, ಬಡತನ. ಥೋರೋ ಅಲ್ಲಿ ಕುಳಿತು ಉಪದೇಶಕ್ಕೆ ತೊಡಗುತ್ತಾನೆ: ನೀನು ಚಹ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಟ್ಟುಬಿಡು, ಬಿಟ್ಟರೆ ಅಷ್ಟು ದುಡಿಯಬೇಕಾಗಿಲ್ಲ, ಅಷ್ಟು ದುಡಿಯದಿದ್ದರೆ ಅಷ್ಟು ತಿನ್ನಬೇಕಾಗಿಯೂ ಇಲ್ಲ. ತರ್ಕಕ್ಕೆ ತಪ್ಪಿಲ್ಲ. ಆದರೆ ಆ ಮನೆಯಾಕೆಯ ಚಿತ್ರ ನೋಡಿ. ಅವಳ ಕೈಯಲ್ಲಿ ನೆಲವೊರಸುವ ಬಟ್ಟೆ ಯಾವಾಗಲೂ ಇದೆ, ಒರಸಿದ ಗುರುತು ಮಾತ್ರ ಎಲ್ಲಿಯೂ ಇಲ್ಲ ಎಂದು ಅವನು ನಗುತ್ತಾನೆ. ಸೋರುವ ಮಾಡಿನ ಕೆಳಗೆ, ಮಕ್ಕಳೂ ಕೋಳಿಗಳೂ ಓಡಾಡುವ ನೆಲವನ್ನು ಒರಸಿದರೆ ಗುರುತು ಎಲ್ಲಿ ಉಳಿದೀತು? ತನ್ನ ಒಂಟಿ ಗುಡಿಸಲ ನೆಲವನ್ನು ತೊಳೆದದ್ದನ್ನು ಹಬ್ಬದಂತೆ ವರ್ಣಿಸಿದ ಲೇಖನಿ ಈ ಹೆಂಗಸಿನ ನಿತ್ಯದ ದುಡಿಮೆಯನ್ನು ಒಂದು ವ್ಯಂಗ್ಯದಲ್ಲಿ ಮುಗಿಸುತ್ತದೆ. ಇದು ಗ್ರಂಥದ ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ. ಒಂಟಿ ಮನುಷ್ಯನ ಲೆಕ್ಕವನ್ನು ಸಂಸಾರದ ಮೇಲೆ ಹೇರಿದಾಗ ಹಾಸ್ಯ ಕಹಿಯಾಗುತ್ತದೆ, ಔಚಿತ್ಯ ತಪ್ಪುತ್ತದೆ.

ಇಲ್ಲಿ ಕಾರಂತರ ‘ಬೆಟ್ಟದ ಜೀವ’ ನೆನಪಾಗುತ್ತದೆ. 1943ರ ಈ ಕಾದಂಬರಿಯಲ್ಲಿಯೂ ಕಾಡಿನ ನಡುವೆ ಬಾಳು ಕಟ್ಟಿದ ಹಟವಾದಿಯೊಬ್ಬನಿದ್ದಾನೆ. ಗೋಪಾಲಯ್ಯನವರು ಥೋರೋವಿನಂತೆ ಎರಡು ವರ್ಷದ ಪ್ರಯೋಗಕ್ಕೆ ಬಂದವರಲ್ಲ. ಕಾಡು ಕಡಿದು ತೋಟ ಮಾಡುವವರು, ಆನೆ ಹುಲಿಗಳೊಡನೆ ಗುದ್ದಾಡುವವರು. ಪ್ರಕೃತಿಪ್ರೇಮಿಯೆಂಬ ಪಟ್ಟ ಅವರಿಗೆ ಒಪ್ಪುವುದು ಕಷ್ಟ. ಆದರೆ ದಾರಿತಪ್ಪಿ ಬಂದ ಅತಿಥಿಗೆ ಆ ಮನೆಯಲ್ಲಿ ಸ್ನಾನಕ್ಕೆ ಬಿಸಿನೀರು ಸಿಗುವಾಗ, ಊಟ ಸಿಗುವಾಗ, ಅದರ ಹಿಂದೆ ದುಡಿಯುತ್ತಿರುವ ಮಡದಿಯನ್ನು ನಾವು ಕಾಣುತ್ತೇವೆ. ಮನೆ ಬಿಟ್ಟು ಹೋದ ಮಗನಿಗಾಗಿ ಅವಳು ಮರುಗುವುದೂ ಕೇಳುತ್ತದೆ. ಕಾಡಿನ ಬಾಳಿಗೆ ಬಿದ್ದ ವೆಚ್ಚವನ್ನು ಕಾರಂತರು ಒಂದು ಅಂಕಿಯನ್ನೂ ಬರೆಯದೆ ತೋರಿಸುತ್ತಾರೆ. ಎರಡು ಕೃತಿಗಳ ಜಾತಿ ಬೇರೆಯೆಂಬುದನ್ನು ಬಲ್ಲೆ. ಒಂದು ಆತ್ಮವೃತ್ತ, ಒಂದು ಕಾದಂಬರಿ. ಹಾಗಿದ್ದರೂ ಮನೆವಾರ್ತೆ ಎಂಬ ಮಾತಿಗೆ ಪೂರ್ಣವಾದ ಅರ್ಥ ದೊರೆಯುವುದು ಕಾರಂತರಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ‘ವಾಲ್ಡನ್’ ಪುಸ್ತಕವನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಆ ಬಾರದ ಬಿಲ್ಲಿನ ಮಾತನ್ನು ಯಾವ ಶತ್ರುವೂ ಪತ್ತೆಮಾಡಿದ್ದಲ್ಲ, ಲೇಖಕನೇ ಬರೆದದ್ದು. ಏಳು ಬಾರಿ ತಿದ್ದಿ ಬರೆದ ಗ್ರಂಥವಿದು. ಬೇಡವಾಗಿದ್ದರೆ ಒಂದು ಗೀಟು ಎಳೆದುಬಿಡಬಹುದಾಗಿತ್ತು, ಎಳೆಯಲಿಲ್ಲ. ಲೆಕ್ಕ ಇಡುವವನ ಒಂದು ಗುಣವೆಂದರೆ ತನಗೆ ತಿಳಿಯದಂತೆಯೇ ತನ್ನ ವಿರುದ್ಧವೂ ಸಾಕ್ಷಿ ನುಡಿಯುವುದು. ಅವರೆಯ ಹೊಲದ ಪ್ರಕರಣವನ್ನು ನೋಡಿ. ಸುಮಾರು ಎರಡೂವರೆ ಎಕರೆ ಉತ್ತು, ಸಾಲುಗಳನ್ನು ಕೂಡಿಸಿದರೆ ಏಳು ಮೈಲಿಯಾಗುವಷ್ಟು ಬಿತ್ತಿ, ಕೊನೆಗೆ ಉಳಿದ ಲಾಭ 8 ಡಾಲರು 71½ ಸೆಂಟು. ಎತ್ತಿನವನಿಗೆ ಕೂಲಿ ಕೊಟ್ಟದ್ದನ್ನೂ ಬರೆದಿದ್ದಾನೆ. ಮಾಂಸವನ್ನು ಒಲ್ಲದವನು ಬೆಳೆ ತಿಂದ ಕಾಡುಪ್ರಾಣಿಯೊಂದನ್ನು ಕೊಂದು ತಿಂದದ್ದನ್ನೂ ಮರೆಮಾಡಿಲ್ಲ. ಕೊಳಕ್ಕೆ ತಳವೇ ಇಲ್ಲವೆಂದು ಊರವರು ನಂಬಿದ್ದರು. ಇವನು 1846ರ ಆದಿಯಲ್ಲಿ, ನೀರು ಹೆಪ್ಪುಗಟ್ಟಿದ್ದಾಗ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು 102 ಅಡಿಯೆಂದು ಅಳೆದನು. ಅಳೆದ ಮೇಲೂ ಅದು ಗಂಭೀರವಾಗಿಯೇ ಉಳಿಯಿತೆಂಬುದು ಅವನ ಸಂತೋಷ.

ಈ ಗುಣ ಎಲ್ಲಕ್ಕಿಂತ ಚೆನ್ನಾಗಿ ತೋರುವುದು ಮಂಜುಗಡ್ಡೆಯ ಪ್ರಕರಣದಲ್ಲಿ. ನಮ್ಮ ದೇಶಕ್ಕೆ ಸಂಬಂಧಪಟ್ಟದ್ದೂ ಹೌದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ 1833ರಿಂದ ಹಡಗಿನಲ್ಲಿ ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸುತ್ತಿದ್ದನು. ಅದನ್ನಿಡಲು ಮದರಾಸಿನ ಕಡಲತಡಿಯಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನ ಸ್ಮಾರಕವಾಗಿ ನಿಂತಿದೆ. 1846–47ರ ಚಳಿಗಾಲದಲ್ಲಿ ನೂರು ಮಂದಿ ಐರಿಷ್ ಕೂಲಿಗಳು ವಾಲ್ಡನ್ನಿಗೂ ಬಂದು ಮಂಜುಗಡ್ಡೆ ಕೊಯ್ದರು. ವಿಲ್ಕಿನ್ಸನ ಅನುವಾದದಲ್ಲಿ ಗೀತೆಯನ್ನೋದುತ್ತಿದ್ದ ಥೋರೋ ಅದನ್ನು ಕಂಡು ಮದರಾಸು, ಬೊಂಬಾಯಿ, ಕಲ್ಕತ್ತೆಯ ಜನ ತನ್ನ ಬಾವಿಯ ನೀರನ್ನೇ ಕುಡಿಯುವರೆಂದೂ, ವಾಲ್ಡನ್ನಿನ ನೀರು ಗಂಗೆಯೊಡನೆ ಬೆರೆಯುವುದೆಂದೂ ಕನಸು ಕಂಡನು. ಬಹಳ ಸೊಗಸಾದ ಭಾಗವದು; ನಮ್ಮ ಭಾಷಣಕಾರರಿಗೆ ಅಚ್ಚುಮೆಚ್ಚು. ಆದರೆ ಅದಕ್ಕೆ ಸ್ವಲ್ಪ ಹಿಂದೆ ಅವನೇ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಹತ್ತು ಸಾವಿರ ಟನ್ನೆಂದು ಅಂದಾಜು ಮಾಡಿದ ಒಂದು ರಾಶಿಯನ್ನು ಹುಲ್ಲು ಹಲಗೆ ಮುಚ್ಚಿ ದಡದಲ್ಲೇ ಒಟ್ಟಿದ್ದರು. ಮುಂದಿನ ಜುಲೈನಲ್ಲಿ ಅದನ್ನು ತೆರೆದು ಒಂದು ಪಾಲನ್ನು ಸಾಗಿಸಿದರು. ಉಳಿದದ್ದು 1848ರ ಸೆಪ್ಟೆಂಬರಿನವರೆಗೆ ಬಿಸಿಲಿನಲ್ಲಿ ನಿಂತು ಕರಗಿತು. ಹೀಗೆ ಬಹುಪಾಲು ನೀರು ಕೊಳಕ್ಕೇ ಹಿಂದಿರುಗಿತು. ಗಂಗೆಯ ಕನಸನ್ನು ಕಾಣುವ ಕವಿಯೂ ಕರಗಿದ ರಾಶಿಯನ್ನು ಗುರುತು ಹಾಕುವ ಕರಣಿಕನೂ ಒಬ್ಬನೇ. ಇವರಿಬ್ಬರಲ್ಲಿ ಕರಣಿಕನೇ ನನಗೆ ಹೆಚ್ಚು ಬೇಕಾದವನು.

ಹಸಿರುಬಾಳಿನ ವಿಚಿತ್ರಗಳನ್ನು ಕುರಿತು ಇಂದು ಬರುವ ಬರಹಗಳಲ್ಲಿ ನನಗೆ ಕಾಣದಿರುವವನು ಈ ಕರಣಿಕ. ತಿಂಗಳಿಗೆ ಒಂದು ಸೀಸೆಯಷ್ಟೇ ಕಸ ಹೊರಡಿಸುವ ಮನೆಯ ಫೋಟೋ ಇರುತ್ತದೆ. ಡಬ್ಬಿಗಳನ್ನು ಹೊತ್ತು ಅಂಗಡಿ ಅಂಗಡಿ ಅಲೆದವರು ಯಾರೆಂಬುದು ಇರುವುದಿಲ್ಲ. ಬಾರದ ಬಿಲ್ಲಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಥೋರೋವಿನಲ್ಲಿ ಆ ಒಂದು ಸಾಲಾದರೂ ಇದೆ. ನಮ್ಮ ಮನೆಯಲ್ಲಿ ಅಂಟುವಾಳ ನಿಂತಿಲ್ಲ. ಶನಿವಾರ ರಾತ್ರಿ ನೆನೆಹಾಕುವುದೂ ಭಾನುವಾರ ಬೆಳಗ್ಗೆ ಕಿವುಚುವುದೂ ಈಗ ನನ್ನ ಪಾಲಿಗೆ ಬಂದಿವೆ. ಮುಕ್ಕಾಲು ಗಂಟೆಯ ಕೆಲಸ. ಬೆರಳು ಅಂಟಂಟಾಗುತ್ತದೆ, ಕಣ್ಣಿಗೆ ತಾಕಿದರೆ ಉರಿ. ತರಗತಿಯಲ್ಲಿ ಹೇಳಿದ್ದಕ್ಕೆ ಈ ವಿವರವನ್ನೂ ಸೇರಿಸಿದ್ದೇನೆ.

ಮನೆವಾರ್ತೆಯ ಅಧ್ಯಾಯಕ್ಕೆ ಸೇರಬೇಕಾದ ಇನ್ನೊಂದು ಬಾಬತ್ತು ಉಳಿಯಿತು. ಗುಡಿಸಲಿಗೆ ಥೋರೋ ತಂದ ಹಲಗೆಗಳಲ್ಲಿ ಹೆಚ್ಚಿನವು ಹೊಸವಲ್ಲ. ರೈಲುರಸ್ತೆಯಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯವನ ಗುಡಿಸಲನ್ನು 4 ಡಾಲರು 25 ಸೆಂಟಿಗೆ ಕೊಂಡು, ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಕೊಳದ ದಡಕ್ಕೆ ಸಾಗಿಸಿ ಬಿಸಿಲಿಗೆ ಹರಡಿದನು. ಬೆಳಗ್ಗೆ ಐದು ಗಂಟೆಗೆ ಕಾಲಿನ್ಸನ ಸಂಸಾರ ಜಾಗ ಬಿಡಬೇಕೆಂದು ಕರಾರು. ಆರು ಗಂಟೆಗೆ ಥೋರೋ ದಾರಿಯಲ್ಲಿ ಅವರನ್ನು ಕಂಡನು. ಹಾಸಿಗೆ, ಕಾಫಿಯ ಗಿರಣಿ, ಕನ್ನಡಿ, ಕೋಳಿ, ಎಲ್ಲವೂ ಒಂದೇ ಗಂಟಿನಲ್ಲಿತ್ತು. ಬೆಕ್ಕೊಂದು ಮಾತ್ರ ಅವರ ಜೊತೆ ಹೋಗದೆ ಕಾಡು ಸೇರಿ, ಆಮೇಲೆ ಬೋನಿಗೆ ಬಿದ್ದು ಸತ್ತಿತಂತೆ. ಇದನ್ನೂ ಅವನೇ ಬರೆದಿದ್ದಾನೆ. ಥೋರೋ ಕೊಳವನ್ನು ಬಿಟ್ಟ ಮೇಲೆ ಗುಡಿಸಲು ಎಮರ್ಸನ್ನನ ತೋಟಗಾರನ ಕೈಗೆ ಹೋಯಿತು. ಅಲ್ಲಿಂದ ಒಬ್ಬ ರೈತನ ಹೊಲಕ್ಕೆ ಸಾಗಿ ಕಾಳು ತುಂಬುವ ಕೊಠಡಿಯಾಯಿತು. 1868ರಲ್ಲಿ ಅದನ್ನೂ ಬಿಚ್ಚಿದರು. ಮಾಡು ಹಂದಿಗೂಡಿಗೆ ಹೊದಿಕೆಯಾಯಿತು. ಮಿಕ್ಕ ಮರ ಕೊಟ್ಟಿಗೆಯ ರಿಪೇರಿಗೆ ಹೋಯಿತು.